ರೇಷ್ಮೆಯ ನೀರು, ಹತ್ತಿಯ ನೀರು

ಗಜೇಂದ್ರಗಡದಲ್ಲಿರುವ ನನ್ನ ತಂಗಿಯ ಬಣ್ಣದ ಮನೆಗೆ ಬೀಗ ಬೀಳಬೇಕೋ ಬೇಡವೋ ಎಂಬ ತೀರ್ಮಾನ ಕೆಲವು ವಾರಗಳ ಮಟ್ಟಿಗೆ ಕೊಳೆತ ಜಾಲಿಮರವೊಂದರ ಬೂಸಿನ, ಎಂದರೆ ಶಿಲೀಂಧ್ರದ, ಕೈಯಲ್ಲಿತ್ತು. ನೋಟೀಸು ಕೊಟ್ಟ ಕಚೇರಿಗೆ ಇದು ತಿಳಿದಿರಲಿಲ್ಲ. ತಿಳಿದಿದ್ದರೆ ಬೂಸಿಗೂ ಒಂದು ಪ್ರತಿ ಹೋಗುತ್ತಿತ್ತು.

ಕಾಲಕ್ರಮವನ್ನು ಮೊದಲೇ ನೇರ್ಪಡಿಸಿಕೊಳ್ಳುವುದು ಒಳ್ಳೆಯದು. ನೋಟೀಸು ನಾಗರ ಪಂಚಮಿಗೆ ಸ್ವಲ್ಪ ಮುಂಚೆ ಬಂದಿತೆಂದು ನನ್ನ ನೆನಪು. ನೆನಪನ್ನು ನಾನು ಆಧಾರವೆಂದು ಒಪ್ಪುವವನಲ್ಲ. ಆದ್ದರಿಂದ ತಂಗಿಯನ್ನು ಕೇಳಿದೆ. ಅವಳು ತಿಂಗಳು ತಿಥಿಗಳಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ವರ್ಷವನ್ನು ಬಣ್ಣಗಳಿಂದ ಎಣಿಸುತ್ತಾಳೆ. "ದಾಳಿಂಬರಿ ಬಣ್ಣ ಹಾಕಿದ ವಾರ" ಎಂದಳು. ಆ ದಾಳಿಂಬರಿ ನೂಲನ್ನು ತರಿಸಿಕೊಂಡಿದ್ದ ನರಗುಂದದ ಬಟ್ಟೆ ವ್ಯಾಪಾರಿಯನ್ನು ಫೋನಿನಲ್ಲಿ ಕೇಳಿದೆ. ಪಂಚಮಿಯ ಉಂಡಿ ಕಟ್ಟುವ ಹೊತ್ತಿಗೆ ಮಾಲು ಅಂಗಡಿಯಲ್ಲಿತ್ತೆಂದು ಅವರು ಹೇಳಿದರು. ಪರಸ್ಪರ ಸಂಬಂಧವಿಲ್ಲದ ಮೂರು ಆಧಾರಗಳು ಹೀಗೆ ಒಂದೇ ಮಾತು ಹೇಳಿದ್ದು ನನ್ನ ಇಡೀ ವೃತ್ತಿಜೀವನದಲ್ಲಿ ನಡೆದಿರಲಿಲ್ಲ. ಅದರಿಂದಾಗಿ ನನಗೆ ಸಂಶಯ ಹುಟ್ಟಿತಾದರೂ, ಬೇರೆ ಪುರಾವೆ ಸಿಗುವವರೆಗೆ ಒಪ್ಪಿಕೊಂಡಿದ್ದೇನೆ.

ಬಣ್ಣದ ಮನೆಯೆಂದರೆ ಹಿತ್ತಲಿನಲ್ಲಿ ತಗಡು ಹೊದಿಸಿದ ಒಂದು ದೊಡ್ಡ ಚಪ್ಪರ. ತಂಗಿಯ ಗಂಡ ತೀರಿಕೊಂಡ ಮೇಲೆ ಅವಳೇ ಅದನ್ನು ನಡೆಸುತ್ತಿದ್ದಾಳೆ. ನಮ್ಮ ಕಡೆಯ ಕೈಮಗ್ಗದ ಸೀರೆಗೆ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಆದ್ದರಿಂದ ಚಪ್ಪರದೊಳಗೆ ಎರಡು ಒಲೆಗಳು. ಬಲಗಡೆಯ ಹಂಡೆಯಲ್ಲಿ ಹತ್ತಿಯ ನೂಲಿಗೆ ಉಪ್ಪು, ಸೋಡಾ ಹಾಕಿ ಬಣ್ಣ ಹತ್ತಿಸುತ್ತಾರೆ. ಎಡಗಡೆಯ ಹಂಡೆಯಲ್ಲಿ ರೇಷ್ಮೆಗೆ ಹುಳಿ ಹಾಕಿ ಹತ್ತಿಸುತ್ತಾರೆ. ನೂಲನ್ನು ತೊಳೆದ ನೀರು ಎರಡು ಬೇರೆ ಬೇರೆ ಕಾಲುವೆಗಳಲ್ಲಿ ಹೊರಗೆ ಹೋಗುತ್ತಿತ್ತು. ಒಂದೇ ಗೋಡೆಗೆ ಎರಡು ತೂತು ಏಕೆಂದು ಆಗ ನಾನು ವಿಚಾರಿಸಲಿಲ್ಲ. ಸಂಶೋಧಕನಿಗೆ ಎಲ್ಲವೂ ಕಾಣುತ್ತದೆಂಬ ನಂಬಿಕೆ ಸಂಶೋಧಕರಲ್ಲಿ ಮಾತ್ರ ಇದೆ.

ರೇಷ್ಮೆಯ ನೀರು ಸ್ವಲ್ಪ. ಹಿತ್ತಲಿನ ಮೂಲೆಯಲ್ಲೇ ಇಂಗುತ್ತಿತ್ತು. ಹತ್ತಿಯ ನೀರು ಮಾತ್ರ ಧಾರಾಳವಾಗಿ ಹರಿದು ಪಕ್ಕದ ಹೊಲದ ಬದುವಿನ ಗುಂಟ ಸಾಗಿ, ಆ ಹೊಲದ ಬಾವಿಯ ಕಡೆಗೆ ದಾರಿ ಮಾಡಿಕೊಂಡಿತ್ತು. ಹೊಲದ ಸಾವುಕಾರರು ತಲೆತಲಾಂತರದಿಂದ ಭೂಮಿಯೂ ಪೇಟೆಯಲ್ಲಿ ಅಡತಿಯ ಅಂಗಡಿಯೂ ಉಳ್ಳವರು, ಮಾತಿನಲ್ಲಿ ಮಹಾ ಮರ್ಯಾದಸ್ಥರು. ಬಾವಿಯ ನೀರು ಕೆಂಪಾದಾಗ ಅವರು ಸುಮ್ಮನಿದ್ದರು. ಆ ನೀರಿನ ತೊಟ್ಟಿಗೆ ಮೂತಿಯಿಟ್ಟ ಅವರ ಬಿಳಿ ಎತ್ತಿನ ಮೂತಿಯೂ ಕೆಂಪಾದಾಗ ನಮ್ಮ ಅಂಗಳಕ್ಕೆ ಬಂದರು.

"ತಂಗಿ, ನಿನ್ನ ಬಣ್ಣ ಪಕ್ಕಾ ಐತಿ, ನಾ ಒಪ್ತೀನಿ. ಆದ್ರ ಅದನ್ನ ನನ್ನ ಎತ್ತಿನ ಮಾರಿ ಮ್ಯಾಲ ಯಾಕ್ ತೋರಸ್ತಿ?"

"ಸಾಬೂನ ಹಚ್ಚಿ ತೊಳದ್ ನೋಡ್ರಿ ಸಾವ್ಕಾರ" ಎಂದಳು ತಂಗಿ.

"ತೊಳದ ಬಂದೀನವಾ. ಬಿಡವಲ್ದು. ಅದಕ್ಕ ಪಕ್ಕಾ ಅಂದದ್ದು."

ಅವರು ಬೈಯಲಿಲ್ಲ. ಮನೆಗೆ ಹೋಗಿ ಸುಂದರವಾದ ಅಕ್ಷರಗಳಲ್ಲಿ ಒಂದು ಅರ್ಜಿ ಬರೆದರು. ಅದರ ಫಲವಾಗಿ ಬಂದ ನೋಟೀಸಿನ ಸಾರಾಂಶ ಇಷ್ಟೇ: ದೀಪಾವಳಿ ಮುಗಿದ ಮೇಲೆ ಅಧಿಕಾರಿಗಳು ಸ್ಥಳಪರಿಶೀಲನೆಗೆ ಬರುವರು, ಅಂದು ಹೊರಗೆ ಹರಿಯುವ ನೀರಿನಲ್ಲಿ ಬಣ್ಣ ಕಂಡುಬಂದರೆ ಬಣ್ಣದ ಮನೆಗೆ ಬೀಗಮುದ್ರೆ ಬೀಳುವುದು. ಕಚೇರಿಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಉಳಿದ ಕಚೇರಿಗಳು ತಮ್ಮನ್ನು ಕೈಬಿಟ್ಟರೆಂದು ನೊಂದುಕೊಂಡಾವು.

ನಾನು ರೋಣದಲ್ಲಿ ನೆಲೆಸಿರುವ ನಿವೃತ್ತ. ದೂರದ ಪ್ರಯೋಗಾಲಯವೊಂದರಲ್ಲಿ, ಮರವನ್ನು ಬಿಳಿಯಾಗಿ ಕೊಳೆಯಿಸುವ ಶಿಲೀಂಧ್ರಗಳ ಕುರಿತು ಬಹಳ ಕಾಲ ಕೆಲಸ ಮಾಡಿದವನು. ಮರವನ್ನು ಗಟ್ಟಿಯಾಗಿ ಹಿಡಿದಿಡುವ ವಸ್ತುವನ್ನು ಒಡೆಯಲು ಈ ಶಿಲೀಂಧ್ರಗಳು ಕೆಲವು ಕಿಣ್ವಗಳನ್ನು ಹೊರಗೆ ಸ್ರವಿಸುತ್ತವೆ. ಅದೇ ಕಿಣ್ವಗಳು ಬಟ್ಟೆಯ ಬಣ್ಣದ ಅಣುಗಳನ್ನೂ ಒಡೆಯಬಲ್ಲವು. ಈ ವಿಷಯವಾಗಿ ನಾನು ಬರೆದ ಪ್ರಬಂಧಗಳನ್ನು, ಇದೇ ವಿಷಯವಾಗಿ ಪ್ರಬಂಧ ಬರೆಯುವವರು ಗಮನವಿಟ್ಟು ಓದಿದ್ದಾರೆ. ಬೇರೆ ಯಾರೂ ಓದಿದ ದಾಖಲೆಯಿಲ್ಲ. ನಿವೃತ್ತಿಯ ನಂತರ ನರಗುಂದದಲ್ಲಿ ಒಮ್ಮೆ ಉಪನ್ಯಾಸಕ್ಕೆ ಕರೆದಿದ್ದರು. ಬಣ್ಣದ ನೀರಿನ ಅಪಾಯಗಳನ್ನು ಕುರಿತು ಮಾತನಾಡಿದೆ. ಕೊನೆಯಲ್ಲಿ ಗಾಢ ನೇರಳೆಯ ಶಾಲೊಂದನ್ನು ಹೊದಿಸಿದರು. ಸೆಕೆಗೆ ಬೆವರಿದ್ದರಿಂದ ನನ್ನ ಬಿಳಿ ಅಂಗಿಯ ಹೆಗಲು ಇಂದಿಗೂ ಆ ಸನ್ಮಾನವನ್ನು ಮರೆತಿಲ್ಲ.

ನೋಟೀಸನ್ನು ಓದಿ ಮುಗಿಸಿದ ತಂಗಿ ನನ್ನ ಕಡೆಗೆ ತಿರುಗಿದಳು.

"ಅಣ್ಣಾ, ಜಲ್ಮ ಎಲ್ಲಾ ನೀ ಬೂಸ್ ಓದಿದಿ. ಆ ಬೂಸ್ ಏನಾರ ಓದೈತೇನ್ ನೋಡೂಣು."

ಇಂಥ ಆಹ್ವಾನ ನನಗೆ ಯಾವ ವಿದ್ಯಾಸಂಸ್ಥೆಯಿಂದಲೂ ಬಂದಿರಲಿಲ್ಲ.

ಸೂಡಿಯ ಹತ್ತಿರ ಹಳ್ಳದ ದಂಡೆಯಲ್ಲಿ ಬಿದ್ದು ಕೊಳೆಯುತ್ತಿದ್ದ ಜಾಲಿಮರವೊಂದನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದೆ. ಮಳೆ ಬಿದ್ದ ಮೇಲೆ ಅಲ್ಲಿಳಿದು, ಅದರ ತೊಗಟೆಯ ಮೇಲೆ ಬೀಸಣಿಗೆಯಂತೆ ಅರಳಿದ್ದ ಅಣಬೆಗಳನ್ನು ಬುತ್ತಿಯ ಡಬ್ಬಿಯಲ್ಲಿ ತುಂಬಿಕೊಂಡೆ. ಇದು ದಸರೆಯ ಬನ್ನಿ ಹಬ್ಬಕ್ಕೆ ಮುಂಚೆಯೋ ನಂತರವೋ ಎಂಬ ಬಗ್ಗೆ ನನಗೂ ತಂಗಿಗೂ ಭಿನ್ನಾಭಿಪ್ರಾಯವಿದೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಹಿರಿಯರು ಕೈಯಲ್ಲಿ ಬನ್ನಿಯ ಸೊಪ್ಪು ಕೊಟ್ಟು, ಡಬ್ಬಿಯನ್ನು ನೋಡಿ, "ಪಲ್ಯಾ ಮಾಡಾಕೇನ್ರಿ?" ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿದೆ. ಹಾಗಾಗಿ ಅಂದೇ ಅಥವಾ ಮರುದಿನ ಎಂದು ನಿಶ್ಚಯಿಸಿದ್ದೇನೆ. ಬನ್ನಿ ಕೊಡುವ ಶಿಷ್ಟಾಚಾರವನ್ನು ನಮ್ಮ ಜನ ವಾರಗಟ್ಟಲೆ ಮುಂದುವರಿಸುತ್ತಾರೆಂದು ತಂಗಿಯ ಆಕ್ಷೇಪ. ಅದನ್ನೂ ಇಲ್ಲಿ ದಾಖಲಿಸುತ್ತೇನೆ.

ರೋಣದ ಮನೆಯಲ್ಲಿ ಮೊದಲು ಗಾಜಿನ ಭರಣಿಗಳಲ್ಲಿ ಪರೀಕ್ಷಿಸಿದೆ. ಜೋಳದ ಕಣಕಿಯನ್ನು, ಎಂದರೆ ಒಣಗಿದ ದಂಟನ್ನು, ಸಣ್ಣಗೆ ಕತ್ತರಿಸಿ, ಹಬೆಯಲ್ಲಿ ಬೇಯಿಸಿ ಆರಿಸಿ, ಒಂದು ಭರಣಿಯಲ್ಲಿ ಶಿಲೀಂಧ್ರವನ್ನು ಬಿತ್ತಿದೆ. ಇನ್ನೊಂದರಲ್ಲಿ ಬರಿಯ ಕಣಕಿ. ಕಣಕಿಯ ಮೇಲೆ ಬಿಳಿಯ ಬಲೆ ಹಬ್ಬಿದ ಬಳಿಕ ಎರಡಕ್ಕೂ, ಕೊಳಾಯಿ ನೀರಿನಲ್ಲಿ ಒಂದು ಚಿಟಿಕೆ ಕೆಂಪು ಬಣ್ಣ ಕದಡಿ ಸುರಿದೆ. ಬರಿಯ ಕಣಕಿಯ ಭರಣಿಯಲ್ಲಿ ಕಣಕಿ ಕೆಂಪಾಯಿತು, ನೀರೂ ಕೆಂಪಾಗಿಯೇ ಉಳಿಯಿತು. ಬೂಸಿನ ಭರಣಿಯಲ್ಲಿ ಕಣಕಿ ಬಿಳಿಯಾಗಿಯೇ ಇದ್ದು, ನೀರು ದಿನೇ ದಿನೇ ತೆಳುವಾಗಿ, ಕೊನೆಗೆ ಬಣ್ಣಗೆಟ್ಟ ಚಹದಂತಾಯಿತು. ಬಣ್ಣವನ್ನು ಕಣಕಿ ಹೀರಿಕೊಂಡದ್ದಲ್ಲ, ಕಿಣ್ವ ಒಡೆದದ್ದು ಎಂಬುದಕ್ಕೆ ಇಷ್ಟು ಸಾಕು. ಎರಡೂ ಭರಣಿಗಳನ್ನು ಮಡಿಲಲ್ಲಿಟ್ಟುಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ.

ತಂಗಿಯ ಅತ್ತೆಯವರು ಬಾಗಿಲಲ್ಲೇ ಕುಳಿತಿದ್ದರು. ಆ ಮನೆಯಲ್ಲಿ ಬಣ್ಣದ ಪುಡಿಯೂ ಅವರ ಅಪ್ಪಣೆಯಿಲ್ಲದೆ ಕರಗುವುದಿಲ್ಲ. ಭರಣಿಯನ್ನು ಮೇಲೆ ಕೆಳಗೆ ನೋಡಿದರು.

"ಉಪ್ಪಿನಕಾಯ್ಯಾಗ ಬೂಸ್ ಬಂದ್ರ ನಾ ಸೊಸಿಗೆ ಹಗಲೆಲ್ಲಾ ಬೈದಾಕಿ. ನೀವು ನೋಡಿದ್ರ ಬೂಸನ್ನ ಲಗ್ನದ ಆಯೇರಿ ತಂದಂಗ ತಂದೀರಿ, ಬೀಗರ!"

"ಇದು ಬ್ಯಾರೆ ಬೂಸ್ರಿ. ಓದಿದ್ದು" ಎಂದಳು ತಂಗಿ ಒಳಗಿನಿಂದ.

ಹಿತ್ತಲಿನಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಸಿಮೆಂಟಿನ ತೊಟ್ಟಿಯನ್ನು ತೊಳೆದು, ಬೇಯಿಸಿದ ಕಣಕಿ ತುಂಬಿ, ಬೂಸು ಹಬ್ಬಿಸಿದೆವು. ಹತ್ತಿಯ ಹಂಡೆಯಲ್ಲಿ ಉಳಿದ ಬಣ್ಣದ ನೀರಿನಲ್ಲಿ ಉಪ್ಪು ವಿಪರೀತ. ಅದನ್ನು ತಗಡಿನ ಹರಿವಾಣಗಳಲ್ಲಿ ಬಿಸಿಲಿಗೆ ಆರಲು ಇಟ್ಟೆವು. ಹತ್ತಿಯ ನೂಲು ತೊಳೆದ ನೀರನ್ನು ಮಾತ್ರ ತಣಿಸಿ ತೊಟ್ಟಿಗೆ ಬಿಟ್ಟೆವು. ನೀರು ಹೇಗೆ ಕೆಂಪಾಗಿ ಒಳಗೆ ಹೋಯಿತೋ ಹಾಗೆಯೇ ಕೆಂಪಾಗಿ ಹೊರಬಂದಿತು. ಮರುದಿನವೂ ಅಷ್ಟೆ. ಮೂರನೆಯ ದಿನ ಬೂಸೇ ಲೋಳೆಯಾಗಿ ನಾತ ಬಿಡತೊಡಗಿತು.

"ಓದಿದ ಬೂಸು" ಎಂದು ಅತ್ತೆಯವರು ಮೂಗಿಗೆ ಸೆರಗು ಹಿಡಿದರು, "ಪರೀಕ್ಷಾದಾಗ ನಪಾಸ್ ಆತು."

ಹುಳಿ–ಕ್ಷಾರ ತೋರಿಸುವ ಕಾಗದವನ್ನು ತೊಟ್ಟಿಯಲ್ಲಿ ಅದ್ದಿದೊಡನೆ ಕಡುನೀಲಿಯಾಯಿತು. ಭರಣಿಯಲ್ಲಿ ನಾನು ಕದಡಿದ್ದು ಬರಿಯ ಬಣ್ಣ. ಇಲ್ಲಿ ಹರಿದದ್ದು ಬಣ್ಣದೊಡನೆ ಸೋಡಾ. ಈ ಶಿಲೀಂಧ್ರಕ್ಕೂ ಅದರ ಕಿಣ್ವಕ್ಕೂ ಸ್ವಲ್ಪ ಹುಳಿಯಾದ ನೀರು ಬೇಕು. ಸೋಡಾದಲ್ಲಿ ಎರಡೂ ಸಾಯುತ್ತವೆ. ಅಂಗಡಿಯಿಂದ ಹುಳಿ ತರಿಸಿ ಸುರಿಯಬಹುದಿತ್ತು. ಆದರೆ ಒಂದು ಕೈಯಿಂದ ಸೋಡಾ, ಇನ್ನೊಂದು ಕೈಯಿಂದ ಹುಳಿ ಹೀಗೆ ದಿನವೂ ಸುರಿಯುತ್ತಾ ಹೋದರೆ ನೀರಿನಲ್ಲಿ ಉಪ್ಪು ಹೆಚ್ಚುವುದಲ್ಲದೆ ಮತ್ತೇನೂ ಆಗುವುದಿಲ್ಲ. ಆಗಲೇ ನನ್ನ ಕಣ್ಣು ಗೋಡೆಯ ಇನ್ನೊಂದು ತೂತಿನ ಮೇಲೆ ಬಿತ್ತು. ಬೇಕಾದ ಹುಳಿಯೆಲ್ಲ ರೇಷ್ಮೆಯ ನೀರಿನ ಜೊತೆ ಹಿತ್ತಲಿನ ಮೂಲೆಗೆ ಪುಕ್ಕಟೆ ಹೋಗುತ್ತಿತ್ತು. ಆ ನೀರು ಸ್ವಲ್ಪವೇ ಆದರೂ ಅದರ ಹುಳಿ ಕಟು. ಎರಡನ್ನೂ ಕೂಡಿಸಿ, ರೇಷ್ಮೆಯ ನೀರನ್ನು ಕೈಬಿಚ್ಚಿ ಹಾಕಿದರೆ, ಬೂಸಿಗೆ ಸರಿಹೋಗುವ ಹದ ಬರಬಹುದಿತ್ತು.

"ಎರಡೂ ಕಾಲುವಿ ಕೂಡಿಸಿಬಿಡೂಣು" ಎಂದೆ.

ತಂಗಿ ನೂಲಿನ ಲಡಿಯನ್ನು ಹಿಂಡುತ್ತಿದ್ದ ಕೈಯನ್ನು ನಿಲ್ಲಿಸಿದಳು. ಅತ್ತೆಯವರು ಎದ್ದು ನಿಂತರು.

"ರೇಷ್ಮಿ ಮಡಿ. ಹತ್ತಿ ಮೈಲಿಗಿ. ನಮ್ಮ ಮಾವನ ಕಾಲದಿಂದ ರೇಷ್ಮಿ ನೀರು ಹತ್ತಿ ನೀರಿಗೆ ಹತ್ತಿಲ್ಲ. ಒಲಿ ಬ್ಯಾರೆ, ಹಂಡೆ ಬ್ಯಾರೆ, ಕಾಲುವಿ ಬ್ಯಾರೆ. ನಾ ಇರೂತನಕ ಇದು ಆಗೂ ಮಾತಲ್ಲ, ಬೀಗರ."

ಒಂದೇ ಗೋಡೆಗೆ ಎರಡು ತೂತು ಏಕೆಂಬುದು ಹೀಗೆ ಇತ್ಯರ್ಥವಾಯಿತು. ಶುಭಕಾರ್ಯಕ್ಕೆ ಉಡುವ ರೇಷ್ಮೆಯ ಮಡಿಯನ್ನು ಬಲ್ಲೆ. ಅದು ಗಟಾರಿಗೂ ಅನ್ವಯಿಸುತ್ತದೆಂದು ತಿಳಿದಿರಲಿಲ್ಲ. ಅತ್ತೆಯವರಿಗೆ ಹುಳಿ ಕ್ಷಾರಗಳ ಸಂಯೋಗವನ್ನು ವಿವರಿಸಿದೆ. ನನ್ನ ಉಪನ್ಯಾಸಗಳಲ್ಲಿ ಅದು ಅತ್ಯಂತ ಸ್ಪಷ್ಟವಾದದ್ದು ಎಂದು ಈಗಲೂ ಭಾವಿಸುತ್ತೇನೆ. ಅವರು ಪೂರ್ತಿ ಕೇಳಿ, "ಚಾ ಕುಡೀತೀರೇನ್ರಿ?" ಎಂದರು.

ದೀಪಾವಳಿ ಹತ್ತಿರ ಬಂದಿತ್ತು. ಬೀಗ ಬಿದ್ದರೆ ಈ ಚಪ್ಪರದ ನೂಲನ್ನೇ ನಂಬಿದ ಓಣಿಯ ಮಗ್ಗಗಳೂ ಬೇರೆ ಊರಿನ ನೂಲಿಗೆ ಕೈಚಾಚಬೇಕು, ತಂಗಿ ಬೇರೆಯವರ ಬಣ್ಣದ ಮನೆಯಲ್ಲಿ ಕೆಲಸ ಕೇಳಬೇಕು. ಇದು ಅತ್ತೆಯವರಿಗೂ ಗೊತ್ತಿತ್ತು. ಗೊತ್ತಿದ್ದೂ ಅವರು ಅಲುಗಲಿಲ್ಲ. ಎರಡು ದಿನ ಅತ್ತೆ ಸೊಸೆಯರ ನಡುವೆ ರೊಟ್ಟಿ ಬಡಿಯುವ ಸದ್ದಲ್ಲದೆ ಬೇರೆ ಸಂಭಾಷಣೆ ನಡೆಯಲಿಲ್ಲ. ಮೂರನೆಯ ದಿನ ಊಟದ ಹೊತ್ತಿಗೆ ತಂಗಿ ಬಹಳ ಮೆತ್ತಗೆ ಶುರುಮಾಡಿದಳು.

"ಅತ್ತಿ, ಸೀರಿ ಸೆರಗು ಯಾವುದರದ್ರಿ?"

"ರೇಷ್ಮಿದು. ನಿನ್ನೆ ಬಂದಾಕಿ ಕೇಳಿದಂಗ ಕೇಳ್ತಿಯಲ್ಲ."

"ಒಡಲು?"

"ಹತ್ತಿದು."

"ಮಗ್ಗದ ಮ್ಯಾಲ ಎರಡರ ಎಳಿ ಕೂಡಸೂದು ಯಾರ್ ಕೆಲಸಾರಿ?"

ಕಣ್ಣು ಮಂಜಾಗುವವರೆಗೆ ಅದು ಅತ್ತೆಯವರದೇ ಕೆಲಸವಾಗಿತ್ತು. ಹತ್ತಿಯ ಹಾಸಿನ ಒಂದೊಂದು ಎಳೆಗೂ ರೇಷ್ಮೆಯ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದರಲ್ಲಿ ಅವರ ಬೆರಳಿಗೆ ಊರಿನಲ್ಲೇ ಹೆಸರಿತ್ತು. ಹಾಗೆ ಕೂಡಿಸದೆ ನಮ್ಮ ಕಡೆಯ ಸೀರೆಯೇ ಇಲ್ಲ.

"ನೀವ ಎಳಿ ಎಳಿ ಕೂಡಿಸಿ ಸುತ್ತಿನ ಊರಿಗೆಲ್ಲಾ ಉಡಿಸಿದ್ರಿ. ಲಗ್ನದಾಗ ಉಟ್ರು, ಗುಡ್ಯಾಗ ಉಟ್ರು. ಅವ ಎರಡು ಹಿತ್ತಲದಾಗ ಕೂಡಿದ್ರ ಮೈಲಿಗಿ ಆಗತಾವೇನ್ರಿ?"

ಅತ್ತೆಯವರು ತುತ್ತನ್ನು ನಿಧಾನವಾಗಿ ಜಗಿದರು.

"ಮಗ್ಗದ ಮ್ಯಾಲ ನಾ ಕೂಡಸ್ತಿದ್ದೆ. ಇಲ್ಲಿ ಯಾರ್ ಕೂಡಸ್ತಾರ? ಈ ಬೂಸ?"

"ನೀವ ಕೂಡಸ್ರಿ."

ಇಷ್ಟೊಂದು ವಿದ್ವತ್ತು ಸೇರಿಯೂ ಆಗದ ಕೆಲಸ ಎರಡು ಶಬ್ದಗಳಲ್ಲಿ ಆಗಿಹೋಯಿತು. ಅಂದಿನಿಂದ ಅತ್ತೆಯವರು ಬೆಳಿಗ್ಗೆ ಮಿಂದು, ತಂಬಿಗೆಯಲ್ಲಿ ರೇಷ್ಮೆಯ ನೀರನ್ನು ತಂದು ಎರಡೂ ನೀರು ಸೇರಲೆಂದು ತೊಟ್ಟಿಯ ಮುಂದೆ ತೋಡಿದ ಕೂಡುಹೊಂಡಕ್ಕೆ ತಾವೇ ಸುರಿಯತೊಡಗಿದರು. ಒಂದು ನಿಬಂಧನೆಯಿತ್ತು: ಹತ್ತಿಯ ನೀರು ಮೊದಲು ಬಂದು ಕೆಳಗೆ ನಿಂತಿರಬೇಕು, ರೇಷ್ಮೆಯ ನೀರು ಮೇಲಿನಿಂದ ಬೀಳಬೇಕು. ರಸಾಯನಶಾಸ್ತ್ರಕ್ಕೆ ಇದರ ಬಗ್ಗೆ ಯಾವ ಅಭ್ಯಂತರವೂ ಇರಲಿಲ್ಲ. ನಾನು ಪಕ್ಕದಲ್ಲಿ ಕಾಗದ ಹಿಡಿದು ನಿಂತಿರುತ್ತಿದ್ದೆ. ಅದು ಹಳದಿಗೆ ತಿರುಗಿದಾಗ "ಸಾಕ್ರಿ" ಎನ್ನುತ್ತಿದ್ದೆ. "ಸಾಕ ಬೇಕ ನಾ ಹೇಳ್ತೀನಿ" ಎಂದು ಅವರು ಇನ್ನೊಂದು ತಂಬಿಗೆ ಸುರಿದು, ತಮ್ಮ ಅಧಿಕಾರವನ್ನು ಸ್ಥಾಪಿಸಿ, ಒಳಗೆ ಹೋಗುತ್ತಿದ್ದರು. ಆ ಒಂದು ತಂಬಿಗೆಯನ್ನು ಲೆಕ್ಕಕ್ಕೆ ಹಿಡಿದೇ ನಾನು ಸ್ವಲ್ಪ ಮೊದಲು ಹೇಳಲು ಕಲಿತೆ.

ಹೊಸದಾಗಿ ಹಬ್ಬಿಸಿದ ಬೂಸು ಈ ಸಲ ಬದುಕಿತು. ತೊಟ್ಟಿಯಲ್ಲಿ ನಿಂತ ಕೆಂಪು ನೀರು ದಿನಕ್ಕಿಷ್ಟು ತೆಳುವಾಗುತ್ತ, ದೀಪಾವಳಿಯ ಹೊತ್ತಿಗೆ ಕಣಕಿಯದೇ ಬಣ್ಣಕ್ಕೆ, ನಸುಹಳದಿಗೆ, ಇಳಿಯಿತು.

ಪಾಡ್ಯ ಕಳೆದ ಮೇಲೆ ಅಧಿಕಾರಿ ಬಂದರು. ನಮ್ಮ ಕಡೆಯವರೇ, ಸಭ್ಯ ಯುವಕ. ಸಾವುಕಾರರು ಬಿಳಿ ಧೋತರ ಉಟ್ಟು ಬದುವಿನ ಮೇಲೆ ಹಾಜರಿದ್ದರು. ತಂಗಿ ಗಾಜಿನ ಲೋಟದಲ್ಲಿ ತೊಟ್ಟಿಯ ನೀರು ಹಿಡಿದು ಮುಂದೆ ಚಾಚಿದಳು. ಅಧಿಕಾರಿ ಅದನ್ನು ಕುಡಿಯಲು ಕೊಟ್ಟದ್ದೆಂದು ತಿಳಿದು ಕೈ ಚಾಚಿದರು. ನಾನು ಮಧ್ಯೆ ಬಂದು ತಡೆದೆ.

"ಬಣ್ಣ ಎಲ್ಲಿ ಹೋತ್ರಿ ಸರ?" ಎಂದು ಅವರು ನನ್ನನ್ನು ಕೇಳಿದರು.

"ಈ ಬೂಸು ಕಿಣ್ವ ಬಿಡತೈತ್ರಿ. ಅದು ಬಣ್ಣ ಮುರೀತೈತಿ."

"ಮುರದ ಮ್ಯಾಲ ಆ ತುಂಡು ಎಲ್ಲಿ ಹೋದ್ವ್ರಿ?"

ವಿಚಾರಸಂಕಿರಣಗಳಲ್ಲಿ ಈ ಪ್ರಶ್ನೆಗಾಗಿ ಎಷ್ಟು ವರ್ಷ ಕಾದಿದ್ದೆನೋ! ಅಲ್ಲಿ ಎಲ್ಲರೂ ಮುಂಚಿನ ಚಿತ್ರ, ನಂತರದ ಚಿತ್ರ ನೋಡಿ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಿದ್ದರು. ಕೇಳಬಾರದ ದಿನ, ಕೇಳಬಾರದ ಹಿತ್ತಲಿನಲ್ಲಿ, ಕೇಳಬಾರದ ಮನುಷ್ಯ ಅದನ್ನು ಕೇಳಿದ್ದ. ತಂಗಿ ಕೆಮ್ಮಿದಳು. ಅದು ಕೆಮ್ಮಲ್ಲವೆಂದು ತಿಳಿಯಲು ಸಂಶೋಧನೆ ಬೇಕಿರಲಿಲ್ಲ.

"ನೀರಾಗ ಅದಾವ್ರಿ. ಕಾಣಂಗಿಲ್ಲ" ಎಂದೆ.

"ಹಂಗಾರ ಈ ನೀರು ಚಲೋ ಐತೋ ಇಲ್ಲೋ, ನೀವ ಹೇಳಿಬಿಡ್ರಿ. ಓದಿದವರು."

ಚಲೋ ಐತಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರಿಗೆ ಮಧ್ಯಾಹ್ನದೊಳಗೆ ನರಗುಂದ ಮುಟ್ಟಬೇಕಿತ್ತು. ಆದರೆ ಆ ನೀರು ಹೋಗುವುದು ಬಾವಿಗೆ. ಬಣ್ಣ ಹೋದದ್ದು ನಿಜ, ಬಣ್ಣ ಹೋದ ನೀರೆಲ್ಲ ನಿರಪಾಯವಲ್ಲವೆಂಬುದೂ ನಿಜ. ಮುರಿದ ತುಂಡುಗಳು ಕೆಲವೊಮ್ಮೆ ಇಡಿಯ ಬಣ್ಣಕ್ಕಿಂತ ಕೇಡು. ಪರೀಕ್ಷೆಯಾಗುವವರೆಗೆ ಈ ನೀರನ್ನು ಬಾವಿಗಾಗಲಿ ಹೊಲಕ್ಕಾಗಲಿ ಬಿಡುವುದು ತರವಲ್ಲ. ಇಷ್ಟನ್ನೂ ಕಾರಣಸಹಿತ ಹೇಳಿದೆ. ತಂಗಿಯ ಮುಖವನ್ನು ನೋಡದೆ ಹೇಳಿದೆ.

ಅಧಿಕಾರಿ ನೋಟೀಸಿನ ಪ್ರತಿಯನ್ನು ತೆಗೆದು ಇನ್ನೊಮ್ಮೆ ಓದಿದರು. ಆಮೇಲೆ ಅವರಿಗೆ ದಾರಿ ಹೊಳೆಯಿತು. ನೋಟೀಸಿನಲ್ಲಿ ಇರುವುದು ಬಣ್ಣದ ಮಾತು. ನೀರಿನಲ್ಲಿ ಬಣ್ಣವಿಲ್ಲ. ಆದ್ದರಿಂದ ಬೀಗಕ್ಕೆ ಕಾರಣವಿಲ್ಲ. ನೀರಿನ ಗುಣ ಬೇರೆ ಕಚೇರಿಯ ವಿಷಯ. ಅಲ್ಲಿಂದ ವರದಿ ಬರುವವರೆಗೆ ಹನಿ ನೀರೂ ಈ ಹಿತ್ತಲನ್ನು ದಾಟುವಂತಿಲ್ಲ, ದಾಟಿದರೆ ಬೀಗ.

"ಹನಿ ಅಂದ್ರ ಹನಿ" ಎಂದು ಸಾವುಕಾರರು ಬದುವಿನಿಂದ ವಿನಯವಾಗಿ ಅನುಮೋದಿಸಿದರು. "ನಾ ದಿನಾ ಬಂದ್ ನೋಡ್ತೀನವಾ ತಂಗಿ. ಚಾ ಏನೂ ಮಾಡಬ್ಯಾಡ."

ಅವರೆಲ್ಲ ಹೋದ ಮೇಲೆ ತಂಗಿ ಕಾಲುವೆಯ ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದಳು. ಹೊರಗೆ ಬಿಡಲಾಗದ ನೀರನ್ನು ಏನು ಮಾಡಬೇಕು? ನೂಲಿನ ಮೊದಲ ತೊಳೆತಕ್ಕೆ ಅದನ್ನೇ ಮತ್ತೆ ಬಳಸಬಹುದೆಂದು ನಾನೂ ಅವಳೂ ಸೇರಿ ಒಂದು ಲಡಿಯ ಮೇಲೆ ನೋಡಿದೆವು. ಕಪ್ಪು, ಕೆಂಪು, ಕಡುಹಸಿರುಗಳಿಗೆ ಬಾಧಕವಿಲ್ಲ. ತಿಳಿಯಾದ ಬಣ್ಣಗಳಿಗೆ ಮಾತ್ರ ನೀರಿನ ಆ ನಸುಹಳದಿ ಅಂಟಿ, ನೂಲು ಮಾಸಿದಂತೆ ಕಾಣುತ್ತದೆ. ಇನ್ನು ಈ ಮನೆಯಲ್ಲಿ ತಿಳಿಬಣ್ಣದ ಕೆಲಸ ಹಿಡಿಯುವಂತಿಲ್ಲ. ನರಗುಂದದ ವ್ಯಾಪಾರಿ ಮದುವೆಯ ಹಂಗಾಮಿಗೆ ಹೇಳಿದ್ದ ನಿಂಬೆ ಬಣ್ಣದ ಒಡಲುಗಳನ್ನು ಬೇಡವೆನ್ನಲು ಅವಳೇ ಫೋನು ಮಾಡಿದಳು. ನಗುನಗುತ್ತ ಮಾತನಾಡಿ, ಇಟ್ಟ ಮೇಲೆ ನಿಂಬೆ ಬಣ್ಣದ ಪುಡಿಯ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು.

ಊಟಕ್ಕೆ ಬಡಿಸುವಾಗ ನನ್ನ ತಾಟಿಗೆ ರೊಟ್ಟಿ ಸ್ವಲ್ಪ ಎತ್ತರದಿಂದ ಬಿತ್ತು.

"ನೀ ಸುಳ್ಳ ಹೇಳಬೇಕಾಗಿತ್ತು ಅಂತ ನಾ ಅನ್ನಂಗಿಲ್ಲಣ್ಣಾ" ಎಂದಳು. "ಆ ಬಾವಿ ನೀರು ನಾಳೆ ಯಾರಾರ ಕುಡಿಯೂದ. ಆದ್ರ ಅಷ್ಟ್ ಉದ್ದ ಖರೇ ಹೇಳೂದು ಬೇಕಾಗಿತ್ತೇನು? ಅರ್ಧಕ್ಕ ನಿಂತಿದ್ರ ನಡೀತಿತ್ತು."

ಯಾವ ಅರ್ಧಕ್ಕೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವಳು ಕೈ ತೊಳೆದುಕೊಂಡು ಹಿತ್ತಲಿಗೆ ಹೋಗಿ ಬಲಗಡೆಯ ಒಲೆಗೆ ಬೆಂಕಿಯಿಟ್ಟಳು. ಕಪ್ಪು ಬಣ್ಣದ ಕೆಲಸ ಬೇಕಾದಷ್ಟಿತ್ತು.